ಕನ್ನಡ ಸ್ತ್ರೀಸಾಹಿತ್ಯ ಮತ್ತು ಸಮಾಜಪರಿವರ್ತನೆ

ಕನ್ನಡನಾಡಿನ ಸ್ತ್ರೀಯರ ಬರವಣಿಗೆಯೂ ಕಲೆಯೂ ಸಮಾಜದ ಆಚಾರವಿಚಾರಗಳನ್ನು ಪಲ್ಲಟಗೊಳಿಸಿದ ಚರಿತ್ರೆಯನ್ನು ಹನ್ನೆರಡನೆಯ ಶತಮಾನದ ಶಿವಶರಣೆಯರಿಂದ ಆರಂಭಿಸುವುದು ವಾಡಿಕೆ. ಉಡುತಡಿಯ ಅಕ್ಕಮಹಾದೇವಿ ಲೌಕಿಕದಾಂಪತ್ಯವನ್ನು ತೊರೆದು ಕಲ್ಯಾಣದ ಅನುಭಾವಿಗಳ ಸರಿಸಮಾನಳಾಗಿ ನಿಂತದ್ದು, ಆಯ್ದಕ್ಕಿ ಲಕ್ಕಮ್ಮನು ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಪತಿಯನ್ನೇ ಕಾಯಕತತ್ತ್ವದ ಹೆಸರಿನಲ್ಲಿ ತಿದ್ದಿದ್ದು, ಸೂಳೆ ಸಂಕವ್ವೆಗೂ ವಚನಕಾರ್ತಿಯ ಸ್ಥಾನ ದೊರೆತದ್ದು, ಇವೆಲ್ಲ ಯಾವ ಕಾಲಕ್ಕೂ ಅಸಾಧಾರಣವಾದ ಸಂಗತಿಗಳೇ ಸರಿ. ಆದರೆ ಆಧುನಿಕ ಲೇಖಕಿಯರ ಸಮೀಪದ ಪೂರ್ವಜೆಯನ್ನು ಹುಡುಕುವವರು ಕಲ್ಯಾಣಕ್ಕಿಂತ ಮೈಸೂರಿನ ಅರಮನೆಯತ್ತ ನೋಡುವುದು ಹೆಚ್ಚು ಉಚಿತವಾದೀತು.

ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದ, ಯಳಂದೂರಿನ ಹೊನ್ನಮ್ಮನು ಸಾಂಗತ್ಯದಲ್ಲಿ ಬರೆದ ‘ಹದಿಬದೆಯ ಧರ್ಮ’ವು ಹೆಸರೇ ತಿಳಿಸುವಂತೆ ಪತಿವ್ರತೆಯ ಕರ್ತವ್ಯಗಳನ್ನು ಬೋಧಿಸುವ ಗ್ರಂಥ. ಅದರಲ್ಲಿ ಬಂಡಾಯವನ್ನು ನಿರೀಕ್ಷಿಸಿ ಹೋದವನಿಗೆ ನಿರಾಶೆಯೇ ಆಗುವುದು. ಹಾಗಿದ್ದರೂ ಅತ್ತೆ ಮಾವಂದಿರ ಸೇವೆ, ಗಂಡನ ಅನುವರ್ತನೆ ಮುಂತಾದ ಉಪದೇಶಗಳ ನಡುವೆ, ಹೆಣ್ಣೆಂದು ಹೀಗಳೆಯುವವರನ್ನು ಹೆತ್ತು ಪೊರೆದವಳೂ ಹೆಣ್ಣೇ ಎಂಬುದನ್ನು ನೆನಪಿಗೆ ತಂದು ಕವಯಿತ್ರಿಯು ಅವರನ್ನು ತರಾಟೆಗೆ ತೆಗೆದುಕೊಳ್ಳುವ ಪದ್ಯಗಳಿವೆ. ಧರ್ಮದ ಭಾಷೆಯಲ್ಲಿಯೇ ಮಾತನಾಡಿ ಧರ್ಮದ ರಕ್ಷಕರಿಂದ ಲೆಕ್ಕ ಕೇಳುವ ಈ ಕ್ರಮವೇ ಮುಂದೆ ಎರಡು ಶತಮಾನಗಳ ಅನಂತರ ಅಚ್ಚುಕೂಟದ ಕಾಲದಲ್ಲಿ ಮತ್ತೆ ಕಾಣಿಸಿಕೊಂಡಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ತ್ರೀಯರ ಸ್ಥಿತಿಗತಿಗಳನ್ನು ಕುರಿತು ಮಾತನಾಡುವ ಅಧಿಕಾರ ಬಹುಮಟ್ಟಿಗೆ ಪುರುಷರದಾಗಿತ್ತು. 1899ರಲ್ಲಿ ಪ್ರಕಟವಾದ, ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಪರಿಗಣಿತವಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯಲ್ಲಿ ಬಾಲವಿಧವೆಯೊಬ್ಬಳು ಓದಿ ಪುನರ್ವಿವಾಹವಾಗುವುದುಂಟು. ಮೈಸೂರು ಸರ್ಕಾರವು 1894ರಲ್ಲಿಯೇ ಬಾಲ್ಯವಿವಾಹವನ್ನು ತಡೆಯುವ ಕಾಯಿದೆಯೊಂದನ್ನು ಹೊರಡಿಸಿ, ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತ್ತು. ಆ ಕಾಯಿದೆ ಜಾರಿಗೆ ಬಂದ ಮೇಲೆ, ಅದರ ಯಾವ ವಿಧಿಗೂ ಭಂಗ ಬಾರದಂತೆ, ಹತ್ತನೆಯ ವಯಸ್ಸಿನಲ್ಲಿ ಮದುವೆಯಾಗಿ ಹದಿನಾಲ್ಕನೆಯ ವಯಸ್ಸಿನಲ್ಲಿ ವಿಧವೆಯಾದವರು ನಂಜನಗೂಡು ತಿರುಮಲಾಂಬ (1887–1982). ಇಂದಿರಾಬಾಯಿ ಒಬ್ಬ ಸಜ್ಜನನ ಕಲ್ಪನೆಯ ವಿಧವೆ. ಆ ಪುಸ್ತಕ ಹೊರಬಂದ ಹದಿನಾಲ್ಕು ವರ್ಷಗಳಲ್ಲಿ ವಿಧವೆಯೇ ಲೇಖನಿಯನ್ನು ಕೈಗೆ ತೆಗೆದುಕೊಂಡಳು.

ವಕೀಲರಾಗಿದ್ದ ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರು ಮಗಳನ್ನು ಮೂಲೆಯಲ್ಲಿ ಕೂರಿಸದೆ ಗ್ರಂಥಗಳ ನಡುವೆ ಕೂರಿಸಿದರು. 1913ರಲ್ಲಿ ತಿರುಮಲಾಂಬ ‘ಸತೀಹಿತೈಷಿಣೀ ಗ್ರಂಥಮಾಲೆ’ಯನ್ನು ಸ್ಥಾಪಿಸಿ, ತಮ್ಮ ಮೊದಲ ಕಾದಂಬರಿಯಾದ ‘ಸುಶೀಲೆ’ಯನ್ನು ಪ್ರಕಟಿಸಿದರು; ಮುಂದೆ ‘ಕರ್ಣಾಟಕ ನಂದಿನಿ’, ‘ಸನ್ಮಾರ್ಗದರ್ಶಿನಿ’ ಎಂಬ ಪತ್ರಿಕೆಗಳನ್ನೂ ನಡೆಸಿದರು. ಕನ್ನಡದಲ್ಲಿ ಗ್ರಂಥಕರ್ತ್ರಿಯೂ ಪ್ರಕಾಶಕಿಯೂ ಸಂಪಾದಕಿಯೂ ಒಬ್ಬರೇ ಆದ ಮೊದಲ ಮಹಿಳೆ ಇವರು. ‘ಸುಶೀಲೆ’ಯನ್ನು ಇಂದು ಓದುವವರಿಗೆ ಅದರ ಪಾತಿವ್ರತ್ಯಪ್ರಶಂಸೆ ಬೇಸರ ತರಬಹುದು, ಮತ್ತು ‘ಇಂದಿರಾಬಾಯಿ’ಯೊಡನೆ ಹೋಲಿಸಿದರೆ ತತ್ತ್ವದೃಷ್ಟಿಯಲ್ಲಿ ಅದು ಹಿಂದಿನ ಕಾಲದ ಕೃತಿಯಂತೆಯೇ ತೋರುವುದು. ಆದರೆ ಮಂಗಳಕಾರ್ಯಗಳಲ್ಲಿ ಎದುರಿಗೆ ಬರಬಾರದೆಂದು ಸಮಾಜವು ನಿಯಮಿಸಿದ್ದ ಹೆಣ್ಣೊಬ್ಬಳು ತನ್ನ ಹೆಸರನ್ನು ಮುಖಪುಟದ ಮೇಲೆ ಅಚ್ಚುಮಾಡಿಸಿ, ಪುಸ್ತಕವನ್ನು ಮಾರಿ, ಚಂದಾದಾರರಿಗೆ ಮಾಸಮಾಸವೂ ಪತ್ರಿಕೆಯನ್ನು ಕಳುಹಿಸಿದಳೆಂಬುದನ್ನು ಮರೆತು ಕೃತಿಯ ಉಪದೇಶವನ್ನಷ್ಟೇ ತೂಗುವುದು ನ್ಯಾಯವಲ್ಲ. ಪರಿವರ್ತನೆಯು ಇಲ್ಲಿ ಸಿದ್ಧಾಂತಕ್ಕಿಂತ ಮೊದಲು ಸಾಧನಗಳ ಸ್ವಾಮ್ಯದಿಂದ ಬಂದಿತು. ನವೋದಯದ ವಿಮರ್ಶೆಗೆ ಈ ಕೃತಿಗಳಲ್ಲಿ ಕಲೆ ಸಾಲದೆನಿಸಿತು. ತಿರುಮಲಾಂಬ ಬರವಣಿಗೆಯನ್ನು ನಿಲ್ಲಿಸಿ ದಶಕಗಳ ಕಾಲ ಮರೆವಿಗೆ ಸಂದು, ಸ್ತ್ರೀಸಾಹಿತ್ಯದ ಅಧ್ಯಯನ ಬೆಳೆದ ಅನಂತರವೇ ಮತ್ತೆ ಸ್ಮರಣೆಗೆ ಬಂದರು.

ಅದೇ ನಂಜನಗೂಡಿನಲ್ಲಿ, ಸಮಾಜದ ಇನ್ನೊಂದು ಅಂಚಿನಲ್ಲಿ, ಒಂಬತ್ತು ವರ್ಷ ಮೊದಲು ಜನಿಸಿದವರು ಬೆಂಗಳೂರು ನಾಗರತ್ನಮ್ಮ (1878–1952). ಒಬ್ಬಾಕೆ ವೈಷ್ಣವ ಗೃಹಸ್ಥರ ವಿಧವೆಯಾದ ಮಗಳು, ಇನ್ನೊಬ್ಬಾಕೆ ದೇವದಾಸಿಯ ಮಗಳು. ಇವರಿಬ್ಬರನ್ನೂ ಒಂದೇ ಪುಟದಲ್ಲಿ ಇರಿಸುವುದು ಅವರ ಕಾಲದವರಿಗೆ ಸಹ್ಯವಾಗುತ್ತಿತ್ತೆಂದು ತೋರುವುದಿಲ್ಲ. ಮದರಾಸಿನಲ್ಲಿ ಗಾಯಕಿಯಾಗಿ ಕೀರ್ತಿ ಪಡೆದ ನಾಗರತ್ನಮ್ಮನವರು, ಹದಿನೆಂಟನೆಯ ಶತಮಾನದ ತಂಜಾವೂರು ಆಸ್ಥಾನದ ಮುದ್ದುಪಳನಿ ತೆಲುಗಿನಲ್ಲಿ ರಚಿಸಿದ ‘ರಾಧಿಕಾ ಸಾಂತ್ವನಮು’ ಕಾವ್ಯವನ್ನು 1910ರಲ್ಲಿ ಪೂರ್ಣಪಾಠದೊಡನೆ ಸಂಪಾದಿಸಿ ಹೊರತಂದರು. ಸುಧಾರಕಾಗ್ರಣಿಗಳಾದ ಕಂದುಕೂರಿ ವೀರೇಶಲಿಂಗಂ ಪಂತುಲು ಅವರು ಆ ಕವಯಿತ್ರಿಯನ್ನು ಖಂಡಿಸಿದ್ದರು. ಪುರುಷಕವಿಗಳ ಶೃಂಗಾರಕ್ಕೆ ಇಲ್ಲದ ಲಜ್ಜೆಯ ನಿಯಮ ಸ್ತ್ರೀಯ ಶೃಂಗಾರಕ್ಕೆ ಮಾತ್ರ ಏಕೆಂದು ನಾಗರತ್ನಮ್ಮನವರು ಪ್ರಶ್ನಿಸಿದರು. 1911ರಲ್ಲಿ ಸರ್ಕಾರವು ಅಶ್ಲೀಲತೆಯ ಆರೋಪದ ಮೇಲೆ ಗ್ರಂಥವನ್ನು ನಿಷೇಧಿಸಿತು. ನಿಷೇಧ ತೊಲಗಿದ್ದು ಟಂಗುಟೂರಿ ಪ್ರಕಾಶಂ ಅವರು ಮದರಾಸಿನ ಪ್ರಧಾನರಾಗಿದ್ದ 1947ರಲ್ಲಿ. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಮಂದಿರವನ್ನು ಕಟ್ಟಿಸಿ, ಗಾಯಕರು ಸ್ತ್ರೀಯರಿಗೆ ನಿರಾಕರಿಸಿದ್ದ ಆರಾಧನೆಯ ವೇದಿಕೆಯನ್ನು ಸ್ತ್ರೀಯರಿಗಾಗಿಯೇ ಬೇರೆಯಾಗಿ ನಡೆಸಿ ದಕ್ಕಿಸಿಕೊಟ್ಟವರೂ ಇವರೇ. ಸುಧಾರಣೆಯೆಂಬುದು ಸುಧಾರಕರೊಡನೆಯೇ ಹೋರಾಡಬೇಕಾಗಿ ಬಂದ ಸಂದರ್ಭಗಳಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದಕ್ಷಿಣದೇಶದಲ್ಲಿ ವಿರಳ.

ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು 1921ರಲ್ಲಿ ಆರಂಭಿಸಿದ ‘ಸರಸ್ವತಿ’ ಮಾಸಪತ್ರಿಕೆ ನಾಲ್ಕು ದಶಕಗಳ ಕಾಲ ನಡೆಯಿತು. ಇವರೂ ಬಾಲವಿಧವೆಯೇ. ಚಾಮರಾಜಪೇಟೆಯ ಮಕ್ಕಳ ಕೂಟ (1938) ಇವರ ಸ್ಥಾಪನೆ. ಇಂಥ ಪತ್ರಿಕೆಗಳು ಮನೆಯೊಳಗಿನ ಓದುಗಿತ್ತಿಯರನ್ನು ಪರಸ್ಪರ ಪರಿಚಯಿಸಿದ್ದು, ಸ್ತ್ರೀಯರ ಆಸ್ತಿಹಕ್ಕನ್ನು ವಿಸ್ತರಿಸಿದ ಮೈಸೂರಿನ 1933ರ ಕಾಯಿದೆಯಷ್ಟೇ ಮಹತ್ತ್ವದ ಘಟನೆಯೆಂದು ಹೇಳಬಹುದು.

ಸಣ್ಣಕತೆಯ ಕ್ಷೇತ್ರದಲ್ಲಿ ಉಪದೇಶದ ದನಿಯನ್ನು ಬಿಟ್ಟು ಪ್ರಶ್ನೆಯ ದನಿಯನ್ನು ಹಿಡಿದವರು ಕೊಡಗಿನ ಗೌರಮ್ಮ (1912–1939). ಮಡಿಕೇರಿಯಲ್ಲಿ ಹುಟ್ಟಿ, ‘ಮಿಸೆಸ್ ಬಿ. ಟಿ. ಜಿ. ಕೃಷ್ಣ’ ಎಂಬ ಹೆಸರಿನಿಂದ ಬರೆಯುತ್ತಿದ್ದ ಈಕೆ, 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಅವರು ತಮ್ಮ ಮನೆಗೆ ಬಾರದೆ ಊಟಮಾಡುವುದಿಲ್ಲವೆಂದು ಉಪವಾಸ ಹೂಡಿ, ಅವರನ್ನು ಬರಮಾಡಿಕೊಂಡು, ತಮ್ಮ ಒಡವೆಗಳನ್ನು ಹರಿಜನನಿಧಿಗೆ ಅರ್ಪಿಸಿದರು. ‘ವಾಣಿಯ ಸಮಸ್ಯೆ’, ‘ಅಪರಾಧಿ ಯಾರು?’ ಮುಂತಾದ ಕತೆಗಳಲ್ಲಿ ವಿಧವೆಯು ಅನುಕಂಪದ ಪಾತ್ರವಾಗಿ ಮಾತ್ರ ಉಳಿಯದೆ ಆಸೆಯುಳ್ಳ ಜೀವವಾಗಿ ಕಾಣಿಸುತ್ತಾಳೆ. ದೋಷವನ್ನು ಯಾರ ಮೇಲೆ ಹೊರಿಸಬೇಕೆಂಬ ನಿರ್ಣಯವನ್ನು ಲೇಖಕಿ ಬಾಯಿಬಿಟ್ಟು ಹೇಳುವುದಿಲ್ಲ. ಪತ್ರರೂಪವನ್ನು ಇವರು ಮತ್ತೆ ಮತ್ತೆ ಬಳಸಿದ್ದಕ್ಕೂ ಕಾರಣವುಂಟು: ಸಭೆಯಲ್ಲಿ ಮಾತನಾಡಲಾರದ ಹೆಣ್ಣಿಗೆ ಕಾಗದದಲ್ಲಿ ನಾಚಿಕೆ ಕಡಿಮೆ. ಇಪ್ಪತ್ತೇಳನೆಯ ವಯಸ್ಸಿನಲ್ಲಿ ಹೊಳೆಯಲ್ಲಿ ಈಜುತ್ತಿದ್ದಾಗ ಮುಳುಗಿ ತೀರಿಕೊಂಡ ಮೇಲೆ ‘ಕಂಬನಿ’, ‘ಚಿಗುರು’ ಎಂಬ ಸಂಕಲನಗಳು ಪ್ರಕಟವಾದವು. ಕನ್ನಡ ಸಣ್ಣಕತೆಗೆ ಅಕಾಲದಲ್ಲಿ ಆದ ನಷ್ಟಗಳಲ್ಲಿ ಇದು ಬಹಳ ದೊಡ್ಡದು.

ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳನ್ನು ಪುರುಷರೇ ವಹಿಸುತ್ತಿದ್ದ ಪರಂಪರೆಯನ್ನು ವೃತ್ತಿನಟಿಯರು ಕ್ರಮೇಣ ಮುರಿದರು; ನಟಿ ಆರ್. ನಾಗರತ್ನಮ್ಮನವರು (ಮೇಲೆ ಹೇಳಿದ ಗಾಯಕಿಯಲ್ಲ) 1958ರಲ್ಲಿ ‘ಸ್ತ್ರೀ ನಾಟಕ ಮಂಡಳಿ’ಯನ್ನು ಕಟ್ಟಿ, ಕಂಸನಂಥ ಪುರುಷಪಾತ್ರಗಳನ್ನೂ ಹೆಂಗಸರೇ ಅಭಿನಯಿಸುವಂತೆ ಮಾಡಿ ಆ ಪರಂಪರೆಯನ್ನು ತಲೆಕೆಳಗಾಗಿಸಿದರು.

ಸ್ವಾತಂತ್ರ್ಯಾನಂತರದ ಕಾದಂಬರಿಕಾರ್ತಿಯರಲ್ಲಿ ತ್ರಿವೇಣಿಯವರು (1928–1963) ಮನಶ್ಶಾಸ್ತ್ರದ ವ್ಯಾಸಂಗವನ್ನು ಕತೆಗೆ ಒಗ್ಗಿಸಿಕೊಂಡು, ‘ಶರಪಂಜರ’ದಲ್ಲಿ ಬಾಣಂತನದ ಅನಂತರ ಬುದ್ಧಿಭ್ರಮಣೆಗೊಂಡು ಗುಣಹೊಂದಿದ ಹೆಂಗಸನ್ನು ಮನೆಯೂ ನೆರೆಹೊರೆಯೂ ಮತ್ತೆ ಹುಚ್ಚಿನತ್ತ ನೂಕುವ ಬಗೆಯನ್ನು ಚಿತ್ರಿಸಿದರು. ವೈದ್ಯೆಯಾಗಿದ್ದ ಅನುಪಮಾ ನಿರಂಜನರು ಕಾದಂಬರಿಗಳೊಡನೆ ಶರೀರವಿಜ್ಞಾನದ ಪುಸ್ತಕಗಳನ್ನೂ ಬರೆದು ಸಂಕೋಚದ ಮೌನವನ್ನು ಒಡೆದರು. ಆದರೆ ವೈಧವ್ಯದ ವಿಷಯದಲ್ಲಿ ಕಡೆಯ ಮಾತನ್ನು ಹೇಳಿದವರು, ತಮ್ಮ ನಡುವಯಸ್ಸಿನಲ್ಲಿ ಬರೆಯತೊಡಗಿದ ಮಲೆನಾಡಿನ ಎಂ. ಕೆ. ಇಂದಿರಾ (1917–1994). ಹಿಂದಿನ ತಲೆಮಾರಿನ ಬಂಧುವೊಬ್ಬಾಕೆಯ ಜೀವನವನ್ನು ತಾಯಿಯಿಂದ ಕೇಳಿ ಅವರು ಬರೆದ ‘ಫಣಿಯಮ್ಮ’ (1976) ಘೋಷಣೆಗಳಿಲ್ಲದ ಕೃತಿ. ಬಾಲ್ಯದಲ್ಲಿಯೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ಮಡಿಯಲ್ಲಿ ಬಾಳನ್ನೆಲ್ಲ ಸವೆಸಿದ ಮುದುಕಿಯೇ, ಕೇಶಮುಂಡನವನ್ನು ಒಲ್ಲೆನೆಂದು ನಿಂತ ಎಳೆಯ ವಿಧವೆಯ ಪಕ್ಷವನ್ನು ವಹಿಸುವಲ್ಲಿ, ಶಾಸ್ತ್ರವು ತನ್ನ ಅತ್ಯಂತ ನಿಷ್ಠಾವಂತ ಸಾಕ್ಷಿಯನ್ನು ಕಳೆದುಕೊಳ್ಳುತ್ತದೆ. ಧರ್ಮದ ಭಾಷೆಯಲ್ಲಿಯೇ ಲೆಕ್ಕ ಕೇಳುವ ಹೊನ್ನಮ್ಮನ ಕ್ರಮವು ಇಲ್ಲಿ ತನ್ನ ಪರಿಪಾಕವನ್ನು ಮುಟ್ಟಿತೆಂದು ಈ ಲೇಖಕನ ಅಭಿಪ್ರಾಯ. ‘ಫಣಿಯಮ್ಮ’ ಕಾದಂಬರಿಯನ್ನು ಪ್ರೇಮಾ ಕಾರಂತರು 1983ರಲ್ಲಿ ಚಲನಚಿತ್ರವಾಗಿಸಿದರು.

1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಸ್ಥಾಪಿತವಾಗುವ ವೇಳೆಗೆ, ಬ್ರಾಹ್ಮಣ ಗೃಹದ ಆವರಣದೊಳಗೆ ಬಹುಮಟ್ಟಿಗೆ ಸುಳಿಯುತ್ತಿದ್ದ ಈ ಸಾಹಿತ್ಯದ ಎಲ್ಲೆ ವಿಸ್ತಾರವಾಗತೊಡಗಿತ್ತು. ಕಾಸರಗೋಡಿನಲ್ಲಿ ಜನಿಸಿದ ಸಾರಾ ಅಬೂಬಕ್ಕರ್ (1936–2023) ಅವರು ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬರೆದ ‘ಚಂದ್ರಗಿರಿಯ ತೀರದಲ್ಲಿ’ ತಲಾಖಿನ ದುರುಪಯೋಗಕ್ಕೆ ಬಲಿಯಾದ ನಾದಿರಾಳ ಕತೆಯನ್ನು ಹೇಳಿತು. ಕಲಬುರಗಿಯ ಗೀತಾ ನಾಗಭೂಷಣ ಅವರು ದುಡಿಯುವ ಕೆಳಜಾತಿಯ ಹೆಂಗಸರ ಬದುಕನ್ನು ಅವರ ನುಡಿಯಲ್ಲಿಯೇ ಬರೆದು, ‘ಬದುಕು’ ಕಾದಂಬರಿಗಾಗಿ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಮೊದಲ ಕನ್ನಡ ಲೇಖಕಿಯಾದರು. ಹಾಸನದಲ್ಲಿ ವಕೀಲೆಯಾಗಿಯೂ ಬಂಡಾಯದ ಕತೆಗಾರ್ತಿಯಾಗಿಯೂ ಬೆಳೆದ ಬಾನು ಮುಷ್ತಾಕ್ ಅವರ ಕತೆಗಳ ಆಂಗ್ಲಾನುವಾದವು 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಗೆ ಪಾತ್ರವಾಯಿತು. ಅನುವಾದಕಿ ದೀಪಾ ಭಾಸ್ತಿ ಮಡಿಕೇರಿಯವರು, ಗೌರಮ್ಮನ ಕತೆಗಳನ್ನು ಅದಕ್ಕೂ ಮೊದಲೇ ಇಂಗ್ಲಿಷಿಗೆ ತಂದವರು.