ಬಟ್ಟೆಯ ಮೇಲೆ ಬುದ್ಧನ ಬದುಕು

ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿ ಕಡೆಯವರಿಗೆ ಮುಂಡಗೋಡ ದೂರದ ಊರೇನಲ್ಲ. ಆದರೆ ಟಿಬೆಟನ್ನರೆಂದರೆ ಚಳಿಗಾಲದಲ್ಲಿ ಸ್ವೆಟರ್ ಮಾರುವವರು ಎಂದಷ್ಟೇ ಬಲ್ಲವರು ನಮ್ಮಲ್ಲಿ ಬಹಳ. 1966ರಲ್ಲಿ ಆರಂಭವಾದ ಮುಂಡಗೋಡದ ನಿರಾಶ್ರಿತರ ನೆಲೆಯಲ್ಲಿ ಡ್ರೆಪುಂಗ್ ಮತ್ತು ಗಾಂದೆನ್ ಎಂಬ ಪ್ರಸಿದ್ಧ ವಿಹಾರಗಳು ಮರುಹುಟ್ಟು ಪಡೆದಿವೆ. ಟಿಬೆಟ್ಟಿನ ಮೂಲ ಗಾಂದೆನ್ 1960ರ ದಶಕದಲ್ಲಿ ಚೀನಾದ ಸಾಂಸ್ಕೃತಿಕ ಕ್ರಾಂತಿಯ ಹಾವಳಿಯಲ್ಲಿ ಹಾಳಾಯಿತು. ಗೋಡೆಯ ಚಿತ್ರವನ್ನು ಹೊತ್ತೊಯ್ಯಲಾಗದು. ಬಟ್ಟೆಯ ಚಿತ್ರವನ್ನಾದರೆ ಸುರುಳಿ ಸುತ್ತಿ ಹೆಗಲಿಗೇರಿಸಬಹುದು. ಈ ಬಟ್ಟೆಯ ಚಿತ್ರವೇ ಥಂಕಾ.

ಬುದ್ಧನ ಜೀವನವನ್ನು ಹೇಳುವ ಥಂಕಾದ ನಡುವೆ ಸಾಮಾನ್ಯವಾಗಿ ಬಲಗೈಯಿಂದ ನೆಲ ಮುಟ್ಟಿ ಕುಳಿತ ದೊಡ್ಡ ಬುದ್ಧನಿರುತ್ತಾನೆ. ಸುತ್ತಲೂ ಚಿಕ್ಕ ಚಿಕ್ಕ ದೃಶ್ಯಗಳು. ಟಿಬೆಟನ್ ಸಂಪ್ರದಾಯ ಬುದ್ಧನ ಬದುಕಿನಲ್ಲಿ ಹನ್ನೆರಡು ಮಹಾಕಾರ್ಯಗಳನ್ನು ಎಣಿಸುತ್ತದೆ. ಹಳೇಬೀಡಿನ ಗೋಡೆಯಲ್ಲಿ ರಾಮಾಯಣ ಪಟ್ಟಿಯಾಗಿ ಸಾಗುವಂತೆ ಇಲ್ಲಿ ಕಥೆ ಸಾಲಾಗಿ ಸಾಗುವುದಿಲ್ಲ. ಮೋಡ, ಬಂಡೆ, ಮರಗಳೇ ಒಂದು ಘಟನೆಯನ್ನು ಇನ್ನೊಂದರಿಂದ ಬೇರ್ಪಡಿಸುತ್ತವೆ. ಒಬ್ಬನೇ ರಾಜಕುಮಾರ ಹಲವು ಕಡೆ ಕಾಣಿಸಿಕೊಳ್ಳುತ್ತಾನೆ. ಮರದ ಕೊಂಬೆ ಹಿಡಿದು ನಿಂತ ಮಾಯಾದೇವಿ ಸಿಕ್ಕರೆ ಅದು ಲುಂಬಿನಿ. ಖಡ್ಗದಿಂದ ಕೂದಲು ಕತ್ತರಿಸಿಕೊಳ್ಳುತ್ತಿರುವುದು ಸಂಸಾರತ್ಯಾಗ. ಗಂಗಾ ಬಯಲಿನ ಈ ಕಥೆಗೆ ಹಿಮದ ಬೆಟ್ಟಗಳ ಹಿನ್ನೆಲೆ ಬಂದುದು ನೋಡಲು ಸೊಗಸು. ಕಲಾವಿದ ತಾನು ಕಂಡ ನಾಡನ್ನೇ ಬರೆದಿದ್ದಾನೆ.

ಆದರೆ ಬುದ್ಧನ ಆಕಾರದಲ್ಲಿ ಅವನಿಗೆ ಈ ಸ್ವಾತಂತ್ರ್ಯವಿಲ್ಲ. ಹತ್ತಿಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಅಂಟು ಬೆರೆಸಿದ ಸುಣ್ಣದ ಪುಡಿ ಬಳಿದು, ನುಣುಪಾಗುವವರೆಗೆ ತಿಕ್ಕುತ್ತಾರೆ. ಮೇಲೆ ಅಳತೆಯ ಗೆರೆಗಳು. ಮುಖ, ತೋಳು, ಪಾದಗಳ ಪ್ರಮಾಣ ಶಾಸ್ತ್ರದಲ್ಲಿ ಹೇಳಿದಂತೆಯೇ ಇರಬೇಕು. ನೀಲಿ, ಹಸಿರು, ಕೆಂಪುಗಳಿಗೆ ಹಿಂದೆ ಖನಿಜಗಳನ್ನೇ ಅರೆಯುತ್ತಿದ್ದರು. ಕಣ್ಣು ಬರೆಯುವುದು ಕೊನೆಗೆ.

ಬೌದ್ಧ ಕಥನ ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. ರಕ್ಖಿತನೆಂಬ ಭಿಕ್ಷು ಅಶೋಕನ ಕಾಲದಲ್ಲಿ ವನವಾಸಕ್ಕೆ ಬಂದನೆಂದು ಸಿಂಹಳದ ಮಹಾವಂಸ ಹೇಳುತ್ತದೆ. ಅದು ಹಾನಗಲ್ಲಿಗೆ ಸಮೀಪದ ಬನವಾಸಿಯೇ ಎಂಬುದು ವಿದ್ವಾಂಸರಲ್ಲಿ ಸಾಮಾನ್ಯವಾದ ಅಭಿಪ್ರಾಯ. ಕಲಬುರಗಿ ಜಿಲ್ಲೆಯ ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಿಂದ ಬುದ್ಧನ ಕಥೆ ಹೇಳುವ ಶಿಲಾಫಲಕಗಳು ಹೊರಬಂದವು. ಅಲ್ಲಿ ಶಿಲ್ಪಿಗಳು ಹಲವು ಫಲಕಗಳ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಹೆಸರು ಕೊರೆದಿದ್ದಾರೆ. ‘ರಾಯ ಅಸೋಕ’ ಎಂಬ ಬರಹದ ಜೊತೆ ರಾಜನ ರೂಪವೂ ಸಿಕ್ಕಿದ್ದು ಹೀಗೆಯೇ. ಥಂಕಾದವನಾದರೋ ಸಂಪ್ರದಾಯದಂತೆ ತನ್ನ ಹೆಸರನ್ನೂ ಬರೆಯುವುದಿಲ್ಲ. ಬಟ್ಟೆಯ ಹಿಂಬದಿಗೆ, ಬುದ್ಧನ ಹಣೆ, ಕಂಠ, ಎದೆಗಳ ನೇರಕ್ಕೆ ಓಂ, ಆಃ, ಹೂಂ ಎಂಬ ಮೂರು ಅಕ್ಷರಗಳನ್ನು ಬರೆಯುತ್ತಾರೆ, ಅಷ್ಟೇ.