ಬಿಂಬವೂ ಪ್ರತಿಬಿಂಬವೂ: ಪ್ರಜಾಪ್ರತಿನಿಧಿ ಸಭೆಯಲ್ಲಿ ಪ್ರಜೆಗಳು

ಹಳೇಬೀಡಿನ ಬಸದಿಹಳ್ಳಿಯಲ್ಲಿರುವ ವಿಜಯಪಾರ್ಶ್ವನಾಥನ ಬಸದಿಯನ್ನು ಗಂಗರಾಜನ ಮಗನಾದ ಬೊಪ್ಪನು ಕ್ರಿ. ಶ. 1133ರಲ್ಲಿ ಕಟ್ಟಿಸಿದನು. ಅದರ ಶಿಲ್ಪವನ್ನು ಕೊಂಡಾಡುವವರು ಬಹುಮಂದಿ. ಅಲ್ಲಿಯ 1638ರ ಶಾಸನವನ್ನು ಓದುವವರು ವಿರಳ. ಹುಚ್ಚಪ್ಪದೇವನೆಂಬವನು ಆ ಬಸದಿಯ ಕಂಬಗಳಿಗೆ ಲಿಂಗಮುದ್ರೆಯನ್ನು ಹಾಕಿದನು. ವಿಜಯಪ್ಪನೆಂಬವನು ಅದನ್ನು ಅಳಿಸಿದನು. ವಿವಾದವು ಹಬ್ಬುವುದಕ್ಕೆ ಮೊದಲೇ ಹಾಸನದ ಪದ್ಮಣ್ಣಸೆಟ್ಟಿ ಮೊದಲಾದ ಜೈನಮುಖ್ಯರೂ ವೀರಶೈವ ಮಹಾಮಹತ್ತಿನವರೂ ಒಂದೆಡೆ ಕಲೆತು ತೀರ್ಮಾನಕ್ಕೆ ಬಂದರು. ಮೊದಲು ವಿಭೂತಿವೀಳ್ಯಗಳನ್ನು ಸಲ್ಲಿಸತಕ್ಕದ್ದು. ಬಳಿಕ ಜೈನರು ತಮ್ಮ ಪೂಜೋತ್ಸವಗಳನ್ನು ಪೂರ್ವಮರ್ಯಾದೆಯಂತೆ ನಡೆಸಿಕೊಳ್ಳತಕ್ಕದ್ದು. ಇದಕ್ಕೆ ಅಡ್ಡಿಮಾಡಿದವರು ಶಿವದ್ರೋಹಿಗಳು.

ಅಲ್ಪಸಂಖ್ಯಾತರಿಗೆ ಆ ಸಭೆಯಲ್ಲಿ ಸ್ಥಾನವಿದ್ದಿತು. ಅವರ ಧರ್ಮಕ್ಕೆ ಶಿಲಾಕ್ಷರದ ರಕ್ಷಣೆಯೂ ದೊರೆಯಿತು. ಆದರೆ ಅಗ್ರಮರ್ಯಾದೆ ಯಾರದೆಂಬುದನ್ನು ನೋಡಿದರೆ ಬಲವು ಯಾವ ಕಡೆಗಿದ್ದಿತೆಂಬುದು ತಾನಾಗಿಯೇ ತಿಳಿಯುವುದು. ಪೀಠ ದೊರೆಯುವುದು ಬೇರೆ, ಪೀಠಕ್ಕೆ ತೂಕ ಬರುವುದು ಬೇರೆ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಮೈಸೂರಿನ ಪ್ರಜಾಪ್ರತಿನಿಧಿ ಸಭೆಯ ಚರಿತ್ರೆಯನ್ನು ಅವಲೋಕಿಸಬೇಕು.

1881ರಲ್ಲಿ ಸಂಸ್ಥಾನವು ಅರಸರ ಕೈಗೆ ಮರಳಿ ಬಂದ ವರ್ಷವೇ ದಿವಾನ್ ರಂಗಾಚಾರ್ಲು ಅವರು ಈ ಸಭೆಯನ್ನು ಏರ್ಪಡಿಸಿದರು. ಅಕ್ಟೋಬರ್ 7ರಂದು, ದಸರಾ ಸಂದರ್ಭದಲ್ಲಿ, 144 ಮಂದಿ ಸದಸ್ಯರು ಮೈಸೂರಿನಲ್ಲಿ ಸೇರಿದರು. ಆ ವರ್ಷದ ಜನಗಣತಿಯ ಪ್ರಕಾರ ಸಂಸ್ಥಾನದ ಪ್ರಜಾಸಂಖ್ಯೆ ಸುಮಾರು 42 ಲಕ್ಷ. ಅಂದರೆ 29 ಸಾವಿರ ಜನಕ್ಕೆ ಒಬ್ಬ ಪ್ರತಿನಿಧಿ. ಪ್ರತಿ ತಾಲ್ಲೂಕಿನಿಂದಲೂ ತಿಳಿವಳಿಕೆಯೂ ಪ್ರಭಾವವೂ ಉಳ್ಳ ಒಬ್ಬಿಬ್ಬರು ಭೂಮಾಲೀಕರು, ಜಿಲ್ಲೆಗೆ ಮೂರು ನಾಲ್ಕು ಮಂದಿ ಪ್ರಮುಖ ವರ್ತಕರು: ಇದೇ ಆಯ್ಕೆಯ ಕ್ರಮ. ಬೇಲೂರಿನ ಜಮೀನುದಾರನಿಗೆ ಈ ಬಾಗಿಲು ತೆರೆದಿತ್ತು. ಅವನ ಹೊಲದ ಆಳಿಗೆ, ಹಳೇಬೀಡಿನ ಕೆರೆಯ ಕೆಳಗೆ ಗುತ್ತಿಗೆಗೆ ಉಳುವವನಿಗೆ, ಮಗ್ಗದ ನೇಯ್ಗೆಯವನಿಗೆ, ಯಾವ ಜಾತಿಯ ಸ್ತ್ರೀಗೇ ಆಗಲಿ, ಇರಲಿಲ್ಲ. ಆ ದಶಕದ ಕೊನೆಗೆ ಹರಿಹರದ ರೈಲುದಾರಿಯು ಅರಸೀಕೆರೆಯ ಮೇಲೆ ಹಾದುಹೋಗಲು, ತೆಂಗಿನಕಾಯಿ ಕೊಬ್ಬರಿಗಳ ವ್ಯಾಪಾರವೂ ಅಲ್ಲಿ ಬೆಳೆಯಿತು. ವರ್ತಕನಿಗೆ ಬೆಲೆ ಬಂದಿತೇ ಹೊರತು ಮೂಟೆ ಹೊರುವವನಿಗಲ್ಲ.

ದಿವಾನರ ಆಶಯವನ್ನು ಇದರಿಂದ ಶಂಕಿಸಬೇಕಾದುದಿಲ್ಲ. ಅಂದಿನ ಇಂಗ್ಲೆಂಡಿನಲ್ಲಿಯೂ ಎಲ್ಲ ಪುರುಷರಿಗೆ ಮತವಿರಲಿಲ್ಲ. ಅಲ್ಲಿಯ ಸ್ತ್ರೀಯರು ಪುರುಷರಿಗೆ ಸಮಾನವಾದ ಮತವನ್ನು ಪಡೆದುದು 1928ರಲ್ಲಿ. ಆದರೂ ದರ್ಪಣದಲ್ಲಿ ಕಿರೀಟಕುಂಡಲಗಳು ಮಾತ್ರ ಕಂಡು ಕೈಕಾಲುಗಳು ಕಾಣದೆ ಹೋದರೆ ಅದನ್ನು ಪೂರ್ಣಬಿಂಬವೆನ್ನಲಾಗದು. 1891ರಲ್ಲಿ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ನಾಮಕರಣವು ಹೋಗಿ ಚುನಾವಣೆ ಬಂದಿತು. ಆದರೆ ಕಂದಾಯವೂ ವಿದ್ಯಾಪದವಿಯೂ ಮತದಾರನ ಅರ್ಹತೆಯಾದುವು.

ಜನಸಂಖ್ಯೆಯ ಲೆಕ್ಕವನ್ನು ಮುಂದಿಟ್ಟು ಕೇಳುವ ಧ್ವನಿಯು ಪ್ರಬಲವಾದುದು 1917ರಲ್ಲಿ ಪ್ರಜಾಮಿತ್ರ ಮಂಡಳಿಯು ಸ್ಥಾಪಿತವಾದ ಮೇಲೆ. ಬ್ರಾಹ್ಮಣರು ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕರಷ್ಟೂ ಇಲ್ಲ. ಗೆಜೆಟೆಡ್ ಹುದ್ದೆಗಳಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು. ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದ ಮನೆತನಗಳಿಗೆ ಈ ಅಂಕಿಗಳು ರುಚಿಸಲಿಲ್ಲವೆಂಬುದು ನಿಜ. ರುಚಿಸದ ಮಾತ್ರಕ್ಕೆ ಅವು ಸುಳ್ಳಾಗಲಿಲ್ಲ. 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಏಳು ವರ್ಷಗಳೊಳಗಾಗಿ ಮೇಲಣ ಹುದ್ದೆಗಳಲ್ಲಿ ಅರ್ಧವೂ ಕೆಳಗಣ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಭಾಗವೂ ಹಿಂದುಳಿದ ಜನಾಂಗಗಳಿಗೆ ಸಲ್ಲಬೇಕೆಂದು ಅದು ಶಿಫಾರಸು ಮಾಡಿತು. ಇದು ನೌಕರಿಯ ವಿಷಯವಾದರೂ ಸಭೆಯ ವಿಷಯಕ್ಕೂ ತಟ್ಟಿತು. ಬ್ರಜೇಂದ್ರನಾಥ ಸೀಲ್ ಸಮಿತಿಯ ತರುವಾಯ 1923ರಲ್ಲಿ ಸಭೆಗೆ ಶಾಸನಬದ್ಧ ಅಧಿಕಾರವು ಲಭಿಸಿತು, ಮತದಾರರ ಸಂಖ್ಯೆ ಏರಿತು, ಅಲ್ಪಸಂಖ್ಯಾತರಿಗೆ ಸ್ಥಾನಗಳು ಗೊತ್ತಾದುವು, ಸ್ತ್ರೀಯೆಂಬ ಕಾರಣದ ಅನರ್ಹತೆಯು ತೊಲಗಿತು. ಆದರೆ ಆಸ್ತಿಯ ಅರ್ಹತೆಯು ಉಳಿದುದರಿಂದ, ಸ್ವಂತ ಹೆಸರಿನಲ್ಲಿ ಪಹಣಿಯಿಲ್ಲದ ಸ್ತ್ರೀಗೆ ಈ ಔದಾರ್ಯವು ಬಹುಮಟ್ಟಿಗೆ ಕಾಗದದ ಮೇಲಣದಾಗಿತ್ತು.

ಆಸ್ತಿಯ ಗೋಡೆಯು ಬಿದ್ದುದು 1952ರ ಮಹಾಚುನಾವಣೆಯಲ್ಲಿ. ಬೇಲೂರಿನ ವಿಷಯದಲ್ಲಿ ಇದರ ಅರ್ಥವು ಗಂಭೀರವಾದುದು. ತಿರುಕುಲದವರೆಂದು ಕರೆಯಲ್ಪಟ್ಟ, ಊರ ಹೊರಗೆ ಇಡಲ್ಪಟ್ಟಿದ್ದ ಜನರು ಚೆನ್ನಕೇಶವನ ಸನ್ನಿಧಿಗೆ ವರ್ಷದಲ್ಲಿ ಗೊತ್ತಾದ ಕೆಲವು ದಿನಗಳಲ್ಲಿ ಮಾತ್ರ ಬರಬಹುದೆಂಬ ಕಟ್ಟಳೆ ಆ ಊರಿನಲ್ಲಿ ಹಿಂದೆ ಇದ್ದಿತು. ಅದೇ ಬೇಲೂರು ವಿಧಾನಸಭೆಗೆ ಪರಿಶಿಷ್ಟ ಜಾತಿಯವರಿಗೆ ಮೀಸಲಾದ ಕ್ಷೇತ್ರವಾಗಿ, ಆ ಜನರೊಳಗಿನವರನ್ನೇ ಊರಿಗೆಲ್ಲ ಪ್ರತಿನಿಧಿಯಾಗಿ ಕಳುಹಿಸಿತು. 2008ರ ಪುನರ್ವಿಂಗಡಣೆಯಲ್ಲಿ ಆ ಮೀಸಲು ಸಕಲೇಶಪುರಕ್ಕೆ ಹೋಯಿತು. ಜನರು ಇದ್ದಲ್ಲಿಯೇ ಇದ್ದರು. ಗೆರೆ ಮಾತ್ರ ಸರಿಯಿತು. ಗೆರೆಯನ್ನು ಎಳೆಯುವವನ ಕೈಯಲ್ಲಿ ಪ್ರತಿಬಿಂಬದ ಆಕಾರವು ಎಷ್ಟು ನಿಂತಿದೆಯೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನವು ಬೇಕಿಲ್ಲ.

ಲೋಕಸಭೆಯ 543 ಸ್ಥಾನಗಳಲ್ಲಿ 84 ಪರಿಶಿಷ್ಟ ಜಾತಿಗಳಿಗೂ 47 ಪರಿಶಿಷ್ಟ ಪಂಗಡಗಳಿಗೂ ಮೀಸಲಾಗಿರುವುದರಿಂದ ಆ ಭಾಗದಲ್ಲಿ ಸಂಖ್ಯೆಯು ಬಹುಮಟ್ಟಿಗೆ ಹೊಂದಿಕೊಂಡಿದೆ. ಸ್ತ್ರೀಯರ ವಿಷಯದಲ್ಲಿ ಹಾಗಿಲ್ಲ: 2024ರಲ್ಲಿ ಚುನಾಯಿತರಾದ ಸ್ತ್ರೀಯರು 74. ಮೂರನೆಯ ಒಂದು ಭಾಗವನ್ನು ಅವರಿಗೆ ಮೀಸಲಿಡುವ ಸಂವಿಧಾನದ 106ನೆಯ ತಿದ್ದುಪಡಿಯು 2023ರಲ್ಲಿ ಅಂಗೀಕೃತವಾದರೂ, ಜನಗಣತಿ ಕ್ಷೇತ್ರವಿಂಗಡಣೆಗಳು ಮುಗಿದ ಮೇಲೆಯೇ ಅದು ಫಲಿಸಬೇಕೆಂದು ಅದರಲ್ಲಿಯೇ ಬರೆದಿತ್ತು. ಅದೇ 2023ರ ಕರ್ನಾಟಕ ವಿಧಾನಸಭೆಯ ಚುನಾವಣೆಯಲ್ಲಿ 224 ಸ್ಥಾನಗಳಿಗೆ ಆಯ್ಕೆಯಾದ ಸ್ತ್ರೀಯರು ಹತ್ತು ಮಂದಿ. ಶಾಂತಲಾದೇವಿಯು ಚೆನ್ನಿಗರಾಯನನ್ನು ಪ್ರತಿಷ್ಠಾಪಿಸಿದ ಬೇಲೂರೂ, ಅರಸೀಕೆರೆಯೂ ಸೇರಿದಂತೆ ಹಾಸನ ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ ಗೆದ್ದವರೆಲ್ಲರೂ ಪುರುಷರು.