ಎಚ್‌ಸಿಎನ್‌ಜಿ

ಎಚ್‌ಸಿಎನ್‌ಜಿ ಎಂಬುದು ಸಂಕುಚಿತ ನೈಸರ್ಗಿಕ ಅನಿಲಕ್ಕೆ, ಅಂದರೆ ಸಿಎನ್‌ಜಿಗೆ, ಸ್ವಲ್ಪ ಪ್ರಮಾಣದ ಹೈಡ್ರೋಜನ್ ಬೆರೆಸಿ ಸಿದ್ಧಪಡಿಸುವ ವಾಹನ ಇಂಧನ. ಹಳೆಯ ಕನ್ನಡ ಪಠ್ಯಪುಸ್ತಕಗಳು ಹೈಡ್ರೋಜನ್ನನ್ನು ಜಲಜನಕವೆಂದು ಕರೆಯುತ್ತಿದ್ದವು. ಭಾರತೀಯ ಮಾನಕ ಬ್ಯೂರೋ ಈ ಇಂಧನಕ್ಕೆ ಐಎಸ್ 17314:2019 ಎಂಬ ಮಾನಕವನ್ನು ರೂಪಿಸಿದೆ. ಗಾತ್ರದಲ್ಲಿ ಶೇ. 18ರಷ್ಟು ಹೈಡ್ರೋಜನ್ ಇರುವ ಮಿಶ್ರಣವನ್ನು ವಾಹನಗಳಲ್ಲಿ ಬಳಸಲು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2020ರ ಸೆಪ್ಟೆಂಬರ್‌ನಲ್ಲಿ ಅನುಮತಿ ನೀಡಿತು.

ದಹನದ ಗುಣ

ನೈಸರ್ಗಿಕ ಅನಿಲದ ಮುಖ್ಯ ಘಟಕವಾದ ಮೀಥೇನ್ ನಿಧಾನವಾಗಿ ಉರಿಯುತ್ತದೆ. ಹೈಡ್ರೋಜನ್ನಿನ ಜ್ವಾಲೆ ಅದಕ್ಕಿಂತ ಹಲವು ಪಟ್ಟು ವೇಗವಾಗಿ ಹರಡುತ್ತದೆ. ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರ ಮಿತಿಯೊಳಗೆ ಹೊತ್ತಿಕೊಂಡರೆ, ಹೈಡ್ರೋಜನ್ ಶೇ. 4ರಿಂದ 75ರವರೆಗೂ ಹೊತ್ತಿಕೊಳ್ಳಬಲ್ಲದು. ಆದ್ದರಿಂದ ಮಿಶ್ರ ಇಂಧನವು ಹೆಚ್ಚು ಗಾಳಿಯೊಡನೆಯೂ ಪೂರ್ಣವಾಗಿ ಉರಿದು, ಕಾರ್ಬನ್ ಮಾನಾಕ್ಸೈಡ್ ಹಾಗೂ ಉರಿಯದೆ ಉಳಿಯುವ ಹೈಡ್ರೋಕಾರ್ಬನ್‌ಗಳು ಕಡಿಮೆಯಾಗುತ್ತವೆ. ಆದರೆ ದಹನದ ಉಷ್ಣತೆ ಏರುವುದರಿಂದ, ಎಂಜಿನ್ನನ್ನು ತಕ್ಕಂತೆ ಹೊಂದಿಸದಿದ್ದರೆ ನೈಟ್ರೋಜನ್ ಆಕ್ಸೈಡ್‌ಗಳು ಹೆಚ್ಚುತ್ತವೆ.

ಶೇ. 18 ಎಂಬ ಅಂಕಿಯನ್ನು ಓದುಗರು ತಪ್ಪಾಗಿ ಗ್ರಹಿಸುವುದುಂಟು. ಒಂದು ಘನಮೀಟರ್ ಮೀಥೇನ್‌ನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿಯಿದ್ದರೆ, ಅಷ್ಟೇ ಗಾತ್ರದ ಹೈಡ್ರೋಜನ್ನಿನಲ್ಲಿ ಇರುವುದು ಸುಮಾರು 11 ಮೆಗಾಜೂಲ್ ಮಾತ್ರ. ಹೀಗಾಗಿ ಮಿಶ್ರಣದ ಒಟ್ಟು ಶಕ್ತಿಯಲ್ಲಿ ಹೈಡ್ರೋಜನ್ನಿನ ಪಾಲು ಶೇ. 6ರ ಆಸುಪಾಸಿನಲ್ಲಿದೆ, ಎಂಜಿನ್ನಿನ ದಕ್ಷತೆ ಹೆಚ್ಚದಿದ್ದರೆ ಹೊಗೆಕೊಳವೆಯ ಇಂಗಾಲದ ಡೈಆಕ್ಸೈಡ್ ತಗ್ಗುವುದೂ ಅಷ್ಟೇ.

ದೆಹಲಿಯ ಪ್ರಯೋಗ

ಇಂಡಿಯನ್ ಆಯಿಲ್ ಸಂಸ್ಥೆಯು ಇಂದ್ರಪ್ರಸ್ಥ ಗ್ಯಾಸ್ ಸಂಸ್ಥೆಯೊಡನೆ ದೆಹಲಿಯ ರಾಜಘಾಟ್ ಬಸ್ ಡಿಪೋದಲ್ಲಿ ಸ್ಥಾಪಿಸಿದ ಘಟಕವು 2020ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡಿತು. 50 ಬಸ್ಸುಗಳಲ್ಲಿ ಪ್ರಯೋಗ ನಡೆಸುವುದು ಅದರ ಉದ್ದೇಶವಾಗಿತ್ತು. ಇಲ್ಲಿ ಹೈಡ್ರೋಜನ್ನನ್ನು ಬೇರೆಡೆ ತಯಾರಿಸಿ ತಂದು ಬೆರೆಸುವುದಿಲ್ಲ. ಸಿಎನ್‌ಜಿಯನ್ನೇ ಹಬೆಯೊಡನೆ ಭಾಗಶಃ ಪರಿವರ್ತಿಸಿ ನೇರವಾಗಿ ಮಿಶ್ರಣ ಪಡೆಯಲಾಗುತ್ತದೆ. ಇದರಿಂದ ಸಾಗಣೆಯ ತೊಡಕು ತಪ್ಪುತ್ತದೆ. ಆದರೆ ಹೈಡ್ರೋಜನ್ನಿನ ಮೂಲ ನೈಸರ್ಗಿಕ ಅನಿಲವೇ ಆದ್ದರಿಂದ, ಪರಿವರ್ತನೆಯ ವೇಳೆ ಹೊರಬೀಳುವ ಇಂಗಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಈ ವಿಧಾನವು ನಗರದ ಗಾಳಿಯನ್ನು ಶುದ್ಧಗೊಳಿಸಬಲ್ಲದು. ಹವಾಮಾನ ಬದಲಾವಣೆಗೆ ಅದೊಂದೇ ಪರಿಹಾರವಲ್ಲ.

ಕರ್ನಾಟಕದಲ್ಲಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಎಸ್. ದಾಸಪ್ಪ ಅವರ ತಂಡವು ಸಸ್ಯಜನ್ಯ ತ್ಯಾಜ್ಯದಿಂದ ಹೈಡ್ರೋಜನ್ ಪಡೆಯುವ ವಿಧಾನವನ್ನು ಅಭಿವೃದ್ಧಿಪಡಿಸಿದೆ. ಒಣ ಜೈವಿಕ ವಸ್ತುವನ್ನು ಆಮ್ಲಜನಕ ಮತ್ತು ಹಬೆಯೊಡನೆ ಅನಿಲೀಕರಿಸಿ, ಬಂದ ಅನಿಲದಿಂದ ಹೈಡ್ರೋಜನ್ನನ್ನು ಬೇರ್ಪಡಿಸಲಾಗುತ್ತದೆ. ಒಂದು ಕಿಲೋಗ್ರಾಂ ವಸ್ತುವಿನಲ್ಲಿ ಸುಮಾರು 60 ಗ್ರಾಂ ಹೈಡ್ರೋಜನ್ ಇದ್ದರೂ 100 ಗ್ರಾಂನಷ್ಟು ದೊರೆಯುತ್ತದೆ. ಹೆಚ್ಚುವರಿ ಭಾಗ ಹಬೆಯಿಂದ ಬರುತ್ತದೆ. ಇದನ್ನು ದೊಡ್ಡ ಪ್ರಮಾಣದಲ್ಲಿ ಪ್ರದರ್ಶಿಸಲು ಸಂಸ್ಥೆಯು 2021ರಲ್ಲಿ ಇಂಡಿಯನ್ ಆಯಿಲ್‌ನೊಡನೆ ಒಪ್ಪಂದ ಮಾಡಿಕೊಂಡಿತು. ಎಚ್‌ಸಿಎನ್‌ಜಿಗೆ ಇಂಥ ಹೈಡ್ರೋಜನ್ ಬಳಸಿದಲ್ಲಿ ಮೇಲಿನ ಆಕ್ಷೇಪ ಬಹುಮಟ್ಟಿಗೆ ನಿಲ್ಲದು.

ಅರಣ್ಯ ಹಾಗೂ ಘಟ್ಟ ಮಾರ್ಗಗಳು

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 948 ಬಿಳಿಗಿರಿರಂಗನಾಥಸ್ವಾಮಿ ದೇವಾಲಯ ಹುಲಿ ಸಂರಕ್ಷಿತ ಪ್ರದೇಶದ ಪುಣಜನೂರು ವಲಯದ ಮೂಲಕ ಸಾಗುತ್ತದೆ. ಗಡಿ ದಾಟಿದ ಮೇಲೆ ಹಾಸನೂರು, ಅನಂತರ 27 ತಿರುವುಗಳ ದಿಂಬಂ ಘಟ್ಟ. ಇಂಥ ರಸ್ತೆಗಳಲ್ಲಿ ಸರಕು ವಾಹನಗಳ ಹೊಗೆ ವನ್ಯಜೀವಿಗಳ ನೆಲೆಯಲ್ಲೇ ಬೀಳುವುದರಿಂದ ಶುದ್ಧ ಇಂಧನದ ಅಗತ್ಯ ಸ್ಪಷ್ಟ. ಆದರೂ ಎಚ್‌ಸಿಎನ್‌ಜಿ ಇಲ್ಲಿಗೆ ಸುಲಭವಾಗಿ ಒಗ್ಗುವಂಥದಲ್ಲ. ಅದೇ ಸಿಲಿಂಡರಿನಲ್ಲಿ, ಅದೇ ಒತ್ತಡದಲ್ಲಿ ತುಂಬಿದ ಮಿಶ್ರಣವು ಸಿಎನ್‌ಜಿಗಿಂತ ಕಡಿಮೆ ಶಕ್ತಿಯನ್ನು ಹೊಂದಿರುತ್ತದೆ. ನಿತ್ಯ ಡಿಪೋಗೆ ಮರಳುವ ನಗರದ ಬಸ್ಸಿಗೆ ಅದು ಅಡ್ಡಿಯಲ್ಲ. ಅನಿಲ ಪಂಪುಗಳು ವಿರಳವಾಗಿರುವ ಕಾಡುದಾರಿಯಲ್ಲಿ ಹೊರೆ ಹೊತ್ತು ಏರುವ ಲಾರಿಗೆ ಅದು ದೊಡ್ಡ ಕೊರತೆ.

ಸುರಕ್ಷತೆ

ಹೈಡ್ರೋಜನ್ ಅಣುಗಳು ಅತಿ ಚಿಕ್ಕವಾದ್ದರಿಂದ ಸಂದುಗಳಲ್ಲಿ ಸುಲಭವಾಗಿ ಸೋರುತ್ತವೆ. ಕೆಲವು ಬಗೆಯ ಉಕ್ಕಿನೊಳಕ್ಕೆ ಸೇರಿ ಅದನ್ನು ಬಿರುಸಾಗಿಸಿ ಬಿರುಕು ಬಿಡಿಸುವುದೂ ಉಂಟು. ಈ ಕಾರಣದಿಂದ ಸಿಲಿಂಡರ್, ಕೊಳವೆ ಮತ್ತು ಕವಾಟಗಳು ಈ ಮಿಶ್ರಣಕ್ಕೆ ಯೋಗ್ಯವೆಂದು ಪರೀಕ್ಷಿತವಾಗಿರಬೇಕು. ಸಾಮಾನ್ಯ ಸಿಎನ್‌ಜಿ ವಾಹನಕ್ಕೆ ಪರೀಕ್ಷೆಯಿಲ್ಲದೆ ಇದನ್ನು ತುಂಬುವುದು ಸುರಕ್ಷಿತವಲ್ಲ.